ಕರ್ಪೂರದ ಡಬ್ಬಿಯ ಕಾಳುಮೆಣಸು

ಮುಚ್ಚಳ ತೆಗೆದರೆ ಡಬ್ಬಿಯಲ್ಲಿ ಕರ್ಪೂರವೇ ಇಲ್ಲ. ತಳದಲ್ಲಿ ಒಂದಿಷ್ಟು ಕಾಳುಮೆಣಸು, ಅಷ್ಟೇ. ಆದರೂ ಅಡಿಗೆಮನೆ ತುಂಬ ಮಂಗಳಾರತಿ ಮುಗಿದ ಮೇಲಿನ ವಾಸನೆ. ಕರ್ಪೂರ ಹಾರಿಹೋಗದಿರಲೆಂದು ಡಬ್ಬಿಗೆ ಕಾಳುಮೆಣಸು ಹಾಕಿಡುವುದು ನಿಮ್ಮ ಮನೆಯಲ್ಲೂ ಇದ್ದೀತು. ಉಡುಪಿಯಲ್ಲಿ ನನ್ನ ಅಮ್ಮನಂತೂ ಹಾಗೆ ಮಾಡದೆ ಮುಚ್ಚಳ ಹಾಕಿದವಳೇ ಅಲ್ಲ. ಈ ಡಬ್ಬಿ ಮಾತ್ರ ದೇವರನ್ನೇ ನಂಬದಿದ್ದ ಒಬ್ಬರದು. ಲಾಸ್ ಏಂಜಲೀಸಿನ ದಕ್ಷಿಣಕ್ಕಿರುವ ಪೊವೇ ಎಂಬ ಊರಿನ ಈ ಮನೆಯಲ್ಲಿ ಕುಳಿತು ಅದನ್ನು ಮೂಸುತ್ತಿದ್ದೇನೆ. ಯಾರಾದರೂ ಕಂಡರೆ ಏನೆಂದುಕೊಂಡಾರು! ಕಾಣಲಿಕ್ಕಾದರೂ ಯಾರಿದ್ದಾರೆ, ಬಿಡಿ.

ಅವರನ್ನು ನಾವು ರಾಯರು ಎನ್ನುತ್ತಿದ್ದೆವು. ಧಾರವಾಡದವರು. ಲಾಂಗ್ ಬೀಚಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಹೇಳಿ, ರಿಟೈರ್ ಆದ ಮೇಲೆ ಇಲ್ಲಿಗೆ ಹತ್ತಿರದ ಡೆಲ್ ಮಾರ್‌ನಲ್ಲಿ ಒಬ್ಬರೇ ಇದ್ದರು. ನನ್ನ ಗಂಡನಿಗೆ ಇಸ್ಪೀಟಿನ ಜೊತೆಗಾರ. ಏನೋ ಪದ್ಯ ಬರೆಯುತ್ತಾರೆ ಎಂದಷ್ಟೇ ನನಗೆ ಗೊತ್ತಿತ್ತು.

2020ರಲ್ಲಿ ನನ್ನವರು ಹೋದರು. ಕೊನೆಗೆ ಅವರ ಮುಖ ಕಂಡದ್ದು ಫೋನಿನ ಪರದೆಯಲ್ಲಿ. ಆಗ ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಸಾವಿನ ಮನೆಗೆ ಜನ ಬಂದು ಕೂರದಿದ್ದರೆ ಗೋಡೆಗಳು ಎಷ್ಟು ದೂರ ಸರಿಯುತ್ತವೆ ಎಂಬುದು ನನಗೆ ತಿಳಿದದ್ದು ಆಗಲೇ. ಸಂಜೆಯಾದರೆ ರಾಯರು ಫೋನ್ ಮಾಡಿ ತಮ್ಮ ಪದ್ಯಗಳನ್ನು ರಾಗವಾಗಿ ಓದತೊಡಗಿದರು. ಭಾಮಿನಿ ಷಟ್ಪದಿ! ನಾನೋ, ಆ ಧಾಟಿ ಕಿವಿಗೆ ಬಿದ್ದರೆ ಪುರಾಣವೇ ಸೈ ಎಂದು ಬೆಳೆದವಳು. ಕೈಕಾಲು ತೊಳೆದು, ದೀಪ ಹಚ್ಚಿ, ಫೋನನ್ನು ದೇವರ ಮಂಟಪಕ್ಕೆ ಒರಗಿಸಿ, ಕೈಮುಗಿದು ಕೂರುತ್ತಿದ್ದೆ. ಅರ್ಥವಾಗದ್ದನ್ನು ಹಳಗನ್ನಡದ ತಲೆಗೆ ಕಟ್ಟಿದೆ. ಕಬ್ಬಿಣ ತುಕ್ಕು ಹಿಡಿಯುವ ಪದ್ಯ ಬಂದ ದಿನ ಮಾತ್ರ ಸಂಶಯವಾಯಿತು.

"ಅಲ್ಲ ರಾಯರೇ, ಇದು ಯಾವ ದೇವರ ಕಥೆ ಮಾರಾಯ್ರೇ? ಹೆಸರೇ ಬರುವುದಿಲ್ಲವಲ್ಲ!"

ರಾಯರು ಕೆಮ್ಮು ಬರುವಷ್ಟು ನಕ್ಕರು. "ದೇವರ ಗೊಡವಿನೇ ಇಲ್ಲ ತಂಗೀ ಇದರಾಗ! ನೀ ಕೈ ಮುಗದು ಕೂತಿದ್ದಿ ಏನು?"

ಆಗ ವಿಷಯ ಹೊರಬಿತ್ತು. ದೇಹ ಬಿದ್ದ ಮೇಲೆ ಏನೂ ಉಳಿಯದು ಎಂದ ನಮ್ಮ ಲೋಕಾಯತರು, ಲೋಕವೆಲ್ಲ ಕಣಗಳ ಕೂಟ ಎಂದ ಹಳೆಯ ಗ್ರೀಕರು, ಇವರ ವಿಚಾರವನ್ನು ಷಟ್ಪದಿಗೆ ಇಳಿಸುವ ಹುಚ್ಚು ಅವರಿಗೆ. ಮಳೆ, ತುಕ್ಕು, ನಿದ್ದೆ, ಪ್ರೀತಿ, ಎಲ್ಲಕ್ಕೂ ಆರಾರು ಸಾಲು. "ಹಿಂದಿನ ಮಂದಿ ಶಾಸ್ತ್ರಾನೂ ಪದ್ಯದಾಗ ಹೇಳ್ತಿದ್ರು. ನಾಲಿಗಿ ಮ್ಯಾಲೆ ಉಳೀತದ," ಎಂದರು. ನಾನು ದೀಪವನ್ನೇನೂ ಆರಿಸಲಿಲ್ಲ. ಎಣ್ಣೆ ಹೇಗೂ ಹಾಕಿಯಾಗಿತ್ತು.

ಫೋನ್ ಮಾಡಿದವರೆಲ್ಲ "ಅಂಕಲ್ ಮೇಲಿಂದ ನಿಮ್ಮನ್ನ ನೋಡ್ತಾನೇ ಇರ್ತಾರೆ ಆಂಟಿ" ಎನ್ನುತ್ತಿದ್ದರು. ಆ ಮಾತು ರಾಯರ ಬಾಯಿಂದ ಬರಬೇಕು, ಆಗ ಮಾತ್ರ ನಿಜ ಎಂದು ನನಗೇಕೋ ಹಟ. "ಎಲ್ಲೋ ಒಂದು ಕಡೆ ಇದ್ದಾರೆ ಅಂತ ಒಂದೇ ಸಲ ಹೇಳಿ, ಸಾಕು," ಎಂದು ಅತ್ತುಬಿಟ್ಟೆ. ಮರುದಿನ ರಾಯರು ಅರ್ಧ ಪದ್ಯ ಓದಿದರು:

ಕಣಗಳೊಂದಾದಾಗ ನೀನೈ
ಕಣಗಳಗಲಿದವೆಂದರಿಲ್ಲೈ
ಎಣಿಸಬೇಡೆಲೊ ಮೇಲೆ ಲೋಕವು ಬೇರೆಯಿಹುದೆಂದು

ಸಿಟ್ಟು ನೆತ್ತಿಗೇರಿತು. ಗಂಡ ಸತ್ತವಳಿಗೆ ಹೇಳುವ ಮಾತೇ ಇದು? ಫೋನ್ ಇಟ್ಟುಬಿಟ್ಟೆ. ಆಮೇಲೆ ಅವರು ಮಾಡಿದರೂ ಎತ್ತಲಿಲ್ಲ. ಆದರೆ ಸಂಜೆಗಳು ಬಿಡಬೇಕಲ್ಲ! ಒಂದು ದಿನ ನಾನೇ ಮಾಡಿದೆ, ಜಗಳಕ್ಕೆಂದೇ.

"ನನ್ನವರು ಇಲ್ಲವೇ ಇಲ್ಲ ಅಂತೀರಲ್ಲ, ಅವರ ಸ್ವೆಟರಿನಲ್ಲಿ ಅವರ ವಾಸನೆ ಇದೆ. ಅದೇನು ಹಾಗಾದರೆ?"



"ಅದು ಅವನೇ ತಂಗಿ. ವಾಸನಿ ಅಂದ್ರ ಮತ್ತೇನು? ಸಣ್ಣ ಸಣ್ಣ ಕಣ ಬಿಟ್ಟು ಹೊಂಟು ಮೂಗಿಗೆ ಬರ್ತಾವ. ಅಷ್ಟು ಮಾತ್ರ ಖರೇನೇ ಅವನು."

ಫೋನ್ ಹಿಡಿದೇ ಅತ್ತೆ. ಸಮಾಧಾನ ಹೇಳಿದ ಯಾರೂ ನನ್ನವರನ್ನು ನನಗೆ ಇಷ್ಟು ಹತ್ತಿರ ತಂದುಕೊಟ್ಟಿರಲಿಲ್ಲ. ಆದರೆ ಅದರ ಬೆನ್ನಿಗೇ ಭಯ ಹಿಡಿಯಿತು. ಮೂಸಿದಷ್ಟೂ ಅವರು ಮುಗಿಯುತ್ತಾರಲ್ಲ! ಅಂದೇ ಸ್ವೆಟರನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮೇಲಿನ ಕಪಾಟಿನಲ್ಲಿಟ್ಟೆ. ತೀರಾ ತಡೆಯಲಾಗದ ದಿನ ಮಾತ್ರ ತೆಗೆಯುತ್ತಿದ್ದೆ. ತೆಗೆದಾಗಲೆಲ್ಲ ಕಡಿಮೆ.

ಲಸಿಕೆ ಬಂದು ಓಡಾಟ ಶುರುವಾದ ಮೇಲೆ, ಹುಳಿ ಮಾಡಿಕೊಂಡು ಡೆಲ್ ಮಾರ್‌ಗೆ ಡ್ರೈವ್ ಮಾಡಿದೆ. ರಾಯರು ಇಳಿದುಹೋಗಿದ್ದರು. ಮಂಚದ ಪಕ್ಕದಲ್ಲಿ ಈ ಸ್ಟೀಲ್ ಡಬ್ಬಿ. ತೆಗೆದು ನೋಡಿದೆ. ಕರ್ಪೂರ, ಜೊತೆಗೆ ಕಾಳುಮೆಣಸು! ನನಗೆ ನಗು ತಡೆಯಲಾಗಲಿಲ್ಲ.

"ಸಿಕ್ಕಿಬಿದ್ದಿರಿ ರಾಯರೇ! ಕದ್ದು ಆರತಿ ಎತ್ತುತ್ತೀರಾ?"

ಅವರು ನಗಲಿಲ್ಲ. "ಅದು ಆಕೀದು," ಎಂದರು. ತೀರಿಹೋದ ಹೆಂಡತಿಯದು. "ಆಕಿ ಹೋದ ಮ್ಯಾಲೆ ಒಂದಿನ ತಗದು ನೋಡಿದ್ರ ಅರ್ಧಾ ಆಗಿತ್ತು. ಮೆಣಸು ನಾನೇ ಹಾಕಿದೆ."

"ಮೆಣಸು ಹಾಕಿದರೆ ಹಾರುವುದಿಲ್ಲ ಅಂತ ನಂಬುತ್ತೀರಾ ನೀವು? ಕೆಮಿಸ್ಟ್ರಿ ಮೇಷ್ಟ್ರು?"

"ನಿಲ್ಲೂದಿಲ್ಲ ಅಂತ ಗೊತ್ತದ ತಂಗಿ. ತಡಾ ಆಗ್ಲಿ ಅಂತ."

ಆ ಅರ್ಧ ಪದ್ಯದ ಉಳಿದ ಮೂರು ಸಾಲು ಯಾವಾಗ ಎಂದು ಹೋದಾಗಲೆಲ್ಲ ಕೇಳುತ್ತಿದ್ದೆ. "ಇನ್ನೂ ಕೂಡಿ ಬಂದಿಲ್ಲ," ಎನ್ನುತ್ತಿದ್ದರು. ಬರಲೇ ಇಲ್ಲ. ಕಳೆದ ತಿಂಗಳು ರಾಯರೂ ಹೋದರು. ಅವರ ಇಚ್ಛೆಯಂತೆ ಮಂತ್ರ ಹೇಳಿಸಲಿಲ್ಲ. ಇವತ್ತು ಬೆಳಿಗ್ಗೆ ಅವರ ಮಗಳು ಲಾಸ್ ಏಂಜಲೀಸ್‌ನಿಂದ ಬಂದು ಡಬ್ಬಿ ಕೊಟ್ಟಳು. "ಆಂಟಿ, ಈಸ್ ದಿಸ್ ಸಮ್ ಸ್ಪೈಸ್? ಡ್ಯಾಡ್ ಇದನ್ನ ನಿಮ್ಗೇ ಕೊಡು ಅಂದಿದ್ರು."

ಅವಳು ಹೋದ ಮೇಲೆ ಮುಚ್ಚಳ ತೆಗೆದು ಮೂಸುತ್ತ ಕುಳಿತೆ. ಈಗ ಎದ್ದು ಕಪಾಟಿನಿಂದ ಚೀಲ ಇಳಿಸಿದ್ದೇನೆ. ಸ್ವೆಟರನ್ನು ಮೂಸಿದೆ. ಇದೆ, ಇಲ್ಲ ಎನ್ನುವಷ್ಟು. ಕಾಳುಮೆಣಸನ್ನು ಒಂದೂ ಬಿಡದೆ ಅದರ ಮಡಿಕೆಯೊಳಗೆ ಸುರಿದೆ. ಅದು ಕರ್ಪೂರಕ್ಕೆ ಮಾಡುವ ಉಪಾಯ, ಸ್ವೆಟರಿಗಲ್ಲ ಎಂದು ನನಗೂ ಗೊತ್ತು. ಜಿಪ್ ಎಳೆಯುವಾಗ ನನ್ನ ಉಡುಪಿಯ ನಾಲಿಗೆಗೆ ಧಾರವಾಡದ ಮಾತೇ ಬಂತು.

"ತಡಾ ಆಗ್ಲಿ."