ಗಿರಿಜಕ್ಕನ ವ್ಯಾನು

ಗಿರಿಜಕ್ಕ ಯಾರ ಮಾತನ್ನಾದರೂ ಗಮನವಿಟ್ಟು ಕೇಳಬೇಕಾದರೆ ಎಡಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿಕೊಳ್ಳುತ್ತಿದ್ದರು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಿವಿಯ ಮೇಲೊಂದು ಕೈ. ಅವರು ಹಾಗೆ ಗೇಟಿನಲ್ಲಿ ನಿಂತರೆ ಎದುರಿಗಿದ್ದವರು ತಮಗೇ ತಿಳಿಯದೆ ದನಿ ತಗ್ಗಿಸುತ್ತಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರಾದವರು, ವರ್ಷಗಟ್ಟಲೆ ಹೆಡ್‌ಫೋನ್ ಹಾಕಿ ಕಿವಿ ಹೀಗಾಗಿದೆ ಎಂದು ನಮ್ಮ ಬೀದಿಯವರೆಲ್ಲ ನಂಬಿದ್ದರು. ನಾನೂ ನಂಬಿದ್ದೆ.

ಬಸವೇಶ್ವರನಗರದಲ್ಲಿ ಅವರ ಮನೆ ನಮ್ಮ ಮನೆಗೆ ಎದುರು. ದಾವಣಗೆರೆ ಕಡೆಯವರು, ಮದುವೆಯಾಗಿ ಬೆಂಗಳೂರಿಗೆ ಬಂದವರು. ಮಕ್ಕಳಿರಲಿಲ್ಲ. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಉಳಿದರು. ನಮ್ಮ ಮನೆಯಲ್ಲೂ ಅಮ್ಮ ಹೋದ ಮೇಲೆ ಅಪ್ಪ ಮತ್ತು ನಾನು ಇಬ್ಬರೇ. ಗಿರಿಜಕ್ಕ ಜೋಳದ ರೊಟ್ಟಿ ತಟ್ಟಿದ ದಿನ ನಮಗೂ ಒಂದು ತಟ್ಟೆ ಬರುತ್ತಿತ್ತು, ಜೊತೆಗೆ ಬದನೆಕಾಯಿ ಎಣ್ಣೆಗಾಯಿ. ಖಾಲಿ ತಟ್ಟೆ ಕೊಡಲು ಹೋದರೆ ಕೂರಿಸಿಕೊಂಡು ಎಕ್ಸ್‌ಚೇಂಜಿನ ಕಥೆ ಹೇಳುವರು. ಯಾರ ಮನೆಯ ಜಗಳ, ಯಾರ ಸಾವಿನ ಸುದ್ದಿ ಮೊದಲು ತಮ್ಮ ಕಿವಿಗೆ ಬಿತ್ತು ಎನ್ನುವ ಕಥೆಗಳು. ಅವುಗಳಲ್ಲಿ ಒಂದನ್ನು ಮಾತ್ರ ಮತ್ತೆ ಮತ್ತೆ ಹೇಳುತ್ತಿದ್ದರು.

"ಗಲಾಟೆ ಆಗೋ ದಿನ ಬೆಳಿಗ್ಗೆಯಿಂದ ಲೈನೆಲ್ಲಾ ಜಾಮ್ ಆಗಿರೋದು ನೋಡವ್ವ. ಎಲ್ರೂ ಎಲ್ರಿಗೂ ಫೋನ್ ಮಾಡೋರು. ಆಮೇಲೆ ಇದ್ದಕ್ಕಿದ್ದ ಹಂಗೆ ಬೋರ್ಡ್ ಪೂರ್ತಿ ಸುಮ್ಮನಾಗೋದು, ಕಾಲ್ ಬಂದ್ರೆ ಹತ್ತೋ ದೀಪ ಒಂದೂ ಹತ್ತುತ್ತಿರಲಿಲ್ಲ. ಶುರುವಾಯ್ತು ಅಂತ ಆಗ ಗೊತ್ತಾಗೋದು ನಮಗೆ."

ರಿಟೈರಾದ ಮರುವರ್ಷ ಅವರ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಒಂದು ಹಳೆಯ ವ್ಯಾನು ಬಂದು ನಿಂತಿತು. ಯಾವುದೋ ಶಾಲೆ ಮಾರಿದ ಹಳದಿ ವ್ಯಾನು. ಬಾಗಿಲ ಮೇಲೆ ಮೊಲದ ಚಿತ್ರವಿತ್ತು. ಗಿರಿಜಕ್ಕ ಅದಕ್ಕೆ ಬೂದು ಬಣ್ಣ ಹೊಡೆಸಿದರು. ಆದರೂ ಸಂಜೆಯ ಓರೆ ಬಿಸಿಲು ಬಿದ್ದಾಗ ಬೂದು ಬಣ್ಣದೊಳಗಿನಿಂದ ಎರಡು ಉದ್ದ ಕಿವಿಗಳು ಎದ್ದು ಕಾಣುತ್ತಿದ್ದವು.

ಸೀಟುಗಳನ್ನೆಲ್ಲ ಕಿತ್ತು ಹಾಕಿಸಿದರು. ಕಾಮಾಕ್ಷಿಪಾಳ್ಯದಿಂದ ಬಡಗಿ ಬಂದ, ಎಲೆಕ್ಟ್ರಿಷಿಯನ್ ಬಂದ. ಅವರ ಬೆನ್ನ ಹಿಂದೆಯೇ ನಿಂತು ಗಿರಿಜಕ್ಕ ಒಂದೊಂದನ್ನೂ ಹೇಳಿ ಮಾಡಿಸಿದರು. ಛಾವಣಿಯ ಮೇಲೆ ಸೋಲಾರ್ ಹಲಗೆ, ಹಿಂದೆ ಬ್ಯಾಟರಿ, ನೆಲದಡಿ ನೀರಿನ ಟ್ಯಾಂಕು, ಮಡಚುವ ಮಂಚ, ಅದರ ಕೆಳಗೆ ಅಕ್ಕಿ, ಅವಲಕ್ಕಿ, ಹುರಿಹಿಟ್ಟು, ಬೆಲ್ಲ, ಒಣಗಿಸಿದ ಖಡಕ್ ರೊಟ್ಟಿ. ಇಷ್ಟಲಿಂಗದ ಪೂಜೆಗೆಂದು ಗೋಡೆಯಲ್ಲಿ ಸಣ್ಣ ಗೂಡು. ಕಿಟಕಿಗಳಿಗೆ ಕಬ್ಬಿಣದ ಜಾಲರಿ, ಒಳಗೆ ದಪ್ಪ ಪರದೆ. ಕೊನೆಗೆ ಜಾರುವ ಬಾಗಿಲಿಗೆ ಒಳಗಡೆ ಮೇಲಿನಿಂದ ಕೆಳಗಿನವರೆಗೆ ಚಿಲಕಗಳು ಬಂದವು, ಹೊರಗಿನ ಹಿಡಿ ಹೋಯಿತು. ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಮುಂಜಾನೆ ಕೆಂಗೇರಿವರೆಗೆ ಓಡಿಸಿಕೊಂಡು ಹೋಗಿ ಬರತೊಡಗಿದರು.

ಬೀದಿಯವರು ಇದು ಕಾಶಿಯಾತ್ರೆಗೆ ಎಂದುಕೊಂಡರು. ಅವರು ಹಾಗೇ ಅಂದುಕೊಳ್ಳಲಿ ಎಂದು ಗಿರಿಜಕ್ಕ ಸುಮ್ಮನಿದ್ದರು. ನನಗೆ ಮಾತ್ರ ಹೇಳಿದರು: "ಯಾತ್ರೆಗಲ್ಲ ಸುಮಾ. ಊರು ಕೆಡೋ ದಿನಕ್ಕೆ."

ಪ್ರತಿ ಅಮಾವಾಸ್ಯೆ ಅವರು ಅಭ್ಯಾಸ ಮಾಡುತ್ತಿದ್ದರು. ಅಭ್ಯಾಸ ಎನ್ನುವುದು ಅವರದೇ ಮಾತು. ಬೆಳಿಗ್ಗೆ ಮನೆಯ ಮೇನ್ ಸ್ವಿಚ್ ತೆಗೆದು, ಮುಂಬಾಗಿಲಿಗೆ ಬೀಗ ಹಾಕಿ, ವ್ಯಾನಿನೊಳಗೆ ಹೋಗಿ ಚಿಲಕ ಹಾಕಿಕೊಂಡರೆ ಮರುದಿನವೇ ಹೊರಗೆ ಬರುವುದು. ಅವತ್ತು ತಾವು ಊರಲ್ಲಿಲ್ಲ ಎಂದು ತಿಳಿದುಕೋ ಎಂದು ನನಗೆ ಹೇಳಿಟ್ಟಿದ್ದರು. ಹಾಲಿನ ಪ್ಯಾಕೆಟ್ಟು ಗೇಟಿನ ಬಳಿ ಬಿದ್ದಿರುತ್ತಿತ್ತು. ಬೀದಿಯಲ್ಲಿ ಅವರ ಹೆಸರು ಹಿಡಿದು ಕರೆದರೂ ಉತ್ತರವಿಲ್ಲ. ಕಾಂಪೌಂಡಿನ ಪಕ್ಕ ಹಾದುಹೋಗುವಾಗ ಒಳಗಿನಿಂದ ಉಸಿರಿನಷ್ಟು ಸಣ್ಣಗೆ ಪಂಚಾಕ್ಷರಿ ಕೇಳುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಪರದೆ ಅಲುಗುತ್ತಿರಲಿಲ್ಲ. ಆದರೂ ಯಾರೋ ನನ್ನನ್ನು ನೋಡುತ್ತಿದ್ದಾರೆ ಎಂದು ಬೆನ್ನಿಗೆ ತಿಳಿಯುತ್ತಿತ್ತು. ಅದು ಗಿರಿಜಕ್ಕನೇ, ನಮಗೆ ರೊಟ್ಟಿ ಕೊಡುವವರೇ ಎಂದು ಗೊತ್ತಿದ್ದರೂ ನನ್ನ ಹೆಜ್ಜೆ ಬಿರುಸಾಗುತ್ತಿತ್ತು.

ಅಂಥದೊಂದು ಅಮಾವಾಸ್ಯೆಯ ಮಧ್ಯಾಹ್ನ ಅಪ್ಪ ಶುಗರ್ ಇಳಿದು ಅಡುಗೆಮನೆಯಲ್ಲಿ ಬಿದ್ದರು. ಬಾಯಿಗೆ ಸಕ್ಕರೆ ಹಾಕಿದರೂ ಕಣ್ಣು ಬಿಡಲಿಲ್ಲ. ಭಾರಿ ಆಳು, ನನ್ನೊಬ್ಬಳಿಂದ ಎತ್ತಲಾಗಲಿಲ್ಲ. ಅಕ್ಕಪಕ್ಕದವರೆಲ್ಲ ಕೆಲಸಕ್ಕೆ ಹೋಗಿದ್ದರು. ನಾನು ಓಡಿಹೋಗಿ ವ್ಯಾನಿನ ಬಾಗಿಲು ಬಡಿದೆ. ಒಳಗೆ ತಟ್ಟೆಯ ಮೇಲೆ ಚಮಚ ಆಡುತ್ತಿದ್ದ ಸದ್ದು ಕೇಳಿತ್ತು. ನಾನು ಬಡಿದ ಕೂಡಲೇ ನಿಂತುಹೋಯಿತು. ಅಪ್ಪ ಬಿದ್ದಿದ್ದಾರೆ ಎಂದು ಅಳುತ್ತಾ ಕೂಗಿ ಹೇಳಿದೆ. ತಗಡಿನ ಆಚೆ, ನನ್ನಿಂದ ಒಂದು ಗೇಣು ದೂರದಲ್ಲಿ, ಒಂದು ಉಸಿರು ಬರುತ್ತಾ ಹೋಗುತ್ತಾ ಇತ್ತು. ಬಾಗಿಲು ತೆರೆಯಲಿಲ್ಲ.

ಬೀದಿಯಲ್ಲಿ ಹೋಗುತ್ತಿದ್ದ ಆಟೋದವರೊಬ್ಬರು ಬಂದು ಅಪ್ಪನನ್ನು ಎತ್ತಿ ನರ್ಸಿಂಗ್ ಹೋಮಿಗೆ ಸೇರಿಸಿದರು. ಅಪ್ಪ ಸಂಜೆಗೆಲ್ಲ ಎದ್ದು ಕೂತರು.

ಮಾರನೆಯ ದಿನ ಗಿರಿಜಕ್ಕ ಮನೆಗೆ ಬಂದರು. ನಾನು ಮುಖ ಕೊಡಲಿಲ್ಲ. ಅವರು ಅಪ್ಪನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಕ್ಷಮೆ ಕೇಳದೆ, ನೇರವಾಗಿ ನನ್ನನ್ನೇ ನೋಡಿ ಹೇಳಿದರು.

"ನೀನು ಬಡಿದಿದ್ದು ಕೇಳಿಸ್ತು. ಕೈ ಚಿಲಕದ ತನಕ ಹೋಯ್ತು. ತೆಗೀಲಿಲ್ಲ. ಅದನ್ನೇ ನಾನು ಕಲೀಬೇಕಾಗಿರೋದು."

ಆಮೇಲೆ ಅವರು ಹೇಳಿದ್ದು ಇಷ್ಟು. ಕಾವೇರಿ ಗಲಾಟೆಯ ಕಾಲ. ಆಗ ಅವರು ಮಾಗಡಿ ರೋಡಿನ ಹತ್ತಿರ ಒಂದು ವಠಾರದಲ್ಲಿದ್ದರು. ಯಜಮಾನರು ಊರಿಗೆ ಹೋಗಿದ್ದರು. ಮಧ್ಯಾಹ್ನದ ಪಾಳಿ ಅರ್ಧಕ್ಕೇ ಮುಗಿದು, ಬಸ್ಸಿಲ್ಲದೆ ನಡೆದುಕೊಂಡು ಬಂದರೆ ವಠಾರದ ಹೊರಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ರಸ್ತೆಯ ತುದಿಯಲ್ಲಿ ಟೈರು ಸುಡುತ್ತಿತ್ತು, ಜನ ಬರುತ್ತಿದ್ದರು. ಅವರು ಬಾಗಿಲು ಬಡಿದರು, ತಮ್ಮ ಹೆಸರು ಹೇಳಿದರು, ಒಳಗಿದ್ದವರ ಹೆಸರುಗಳನ್ನೂ ಒಂದೊಂದಾಗಿ ಕರೆದರು. ಒಳಗೆ ಯಾರದೋ ಮನೆಯ ಕುಕ್ಕರ್ ಕೂಗುತ್ತಿತ್ತು. ಯಾರೋ ಅದನ್ನು ಆರಿಸಿದರು. ಆರಿಸಿದ್ದೂ ಅವರಿಗೆ ಕೇಳಿಸಿತು. ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಒಂದು ಕಲ್ಲು ಬಂದು ಎಡಗಿವಿಗೆ ಬಡಿಯಿತು.

"ಕಲ್ಲು ಹೊಡೆದೋನು ಯಾರೋ ಗೊತ್ತಿಲ್ಲ, ಅವನ ಮೇಲೆ ಸಿಟ್ಟೂ ಇಲ್ಲ. ಬಾಗಿಲು ತೆಗೀದೆ ಇದ್ದೋರ ಮನೆಗೆ ಮುಂದಿನ ಶುಕ್ರವಾರ ಅರಿಶಿನ ಕುಂಕುಮಕ್ಕೆ ಹೋದೆ. ಬಾ ಗಿರಿಜಾ ಅಂತ ಕರೆದು ಕೂರಿಸಿದ್ರು." ಅಷ್ಟು ಹೇಳಿ ಕಿವಿಯನ್ನು ಒತ್ತಿ ಹಿಡಿದರು. "ಈ ಕಿವಿ ಕೇಳಲ್ಲವ್ವ. ಆದ್ರೆ ಸುಮ್ಮನೂ ಇರಲ್ಲ."

ಅವರು ಹೋದ ಮೇಲೆ ಅಪ್ಪ ನನಗೆ, ಆ ಯಮ್ಮನ್ನ ಏನೂ ಅನ್ನಬೇಡ ಎಂದರು. ಬಿದ್ದವರು ಅಪ್ಪನೇ ಆದ್ದರಿಂದ ನಾನು ಮತ್ತೆ ಆ ವಿಷಯ ಎತ್ತಲಿಲ್ಲ. ರೊಟ್ಟಿಯ ತಟ್ಟೆ ಮೊದಲಿನಂತೆ ಬಂತು, ಹೋಯಿತು.

ಊರು ಕೆಡುವ ದಿನವೂ ಬಂತು. ನಾನು ವಿಜಯನಗರದ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಬಂದ್ ಎಂದಷ್ಟೇ ಇತ್ತು. ಮಧ್ಯಾಹ್ನದ ಹೊತ್ತಿಗೆ ಬಸ್ಸುಗಳಿಗೆ ಬೆಂಕಿ ಬಿದ್ದ ವಿಡಿಯೋಗಳು ಎಲ್ಲರ ಮೊಬೈಲಿಗೂ ಬಂದವು. ಡಾಕ್ಟರು ಬಾಗಿಲೆಳೆದು ನಮ್ಮನ್ನೆಲ್ಲ ಮನೆಗೆ ಕಳಿಸಿದರು. ನಾನು ಒಳರಸ್ತೆಗಳಲ್ಲೇ ನಡೆದು ಬಂದೆ. ಎಲ್ಲೋ ದೂರದಲ್ಲಿ ಗದ್ದಲವಿತ್ತು, ಗಾಳಿಯಲ್ಲಿ ರಬ್ಬರು ಸುಟ್ಟ ವಾಸನೆಯಿತ್ತು. ನಮ್ಮ ಬೀದಿಗೆ ತಿರುಗಿದಾಗ ಅಲ್ಲಿ ಯಾವ ಸದ್ದೂ ಇರಲಿಲ್ಲ. ನಾಯಿಗಳೂ ಕಾಣಲಿಲ್ಲ. ಪ್ರತಿ ಮನೆಯ ಕಿಟಕಿಯೂ ಮುಚ್ಚಿತ್ತು.

ಅಪ್ಪ ಆ ವಾರ ಹಾಸನದಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದರು. ಗೇಟಿನ ಮುಂದೆ ನಿಂತು ಬ್ಯಾಗಿನಲ್ಲಿ ಕೀಲಿ ಹುಡುಕುತ್ತಿದ್ದಾಗ ಬೀದಿಯ ತುದಿಯಲ್ಲಿ ಬೈಕುಗಳು ಕಂಡವು. ಮುಖಕ್ಕೆ ಬಟ್ಟೆ ಕಟ್ಟಿದವರು, ಕೈಯಲ್ಲಿ ರಾಡು. ಒಬ್ಬ ನಿಂತಿದ್ದ ಕಾರಿನ ಗಾಜು ಒಡೆದ. ನನ್ನ ಬೆರಳಿಗೆ ಕೀಲಿ ಸಿಗಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದೆ. ಒಳಗೆ ಟೀವಿಯ ದನಿ ಸಣ್ಣದಾಯಿತು, ಅಷ್ಟೇ.

ನಾನು ತಿರುಗುವಷ್ಟರಲ್ಲಿ ಎದುರಿನ ಹೊಂಗೆ ಮರದಡಿ ವ್ಯಾನಿನ ಬಾಗಿಲು ಜಾರಿತು. ನಾನು ಅದನ್ನು ಬಡಿದಿರಲಿಲ್ಲ. ಗಿರಿಜಕ್ಕ ಕೈಚಾಚಿ ನಿಂತಿದ್ದರು. ರಸ್ತೆ ದಾಟಿ ಓಡಿದೆ. ಅವರು ನನ್ನನ್ನು ಒಳಗೆಳೆದುಕೊಂಡು ಚಿಲಕಗಳನ್ನು ಸದ್ದಿಲ್ಲದೆ ಒಂದೊಂದಾಗಿ ಹಾಕಿದರು.

ಒಳಗೆ ಹಗಲಿನಲ್ಲೂ ಕತ್ತಲೆ. ನೆಲದ ಮೇಲೆ ಕೂರಿಸಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೈಕುಗಳು ಹತ್ತಿರ ಬಂದವು. ಯಾರೋ ಗೇಟು ತಳ್ಳಿದರು. ರಾಡಿನ ತುದಿ ವ್ಯಾನಿನ ಮೈ ಮೇಲೆ ಮುಂದಿನಿಂದ ಹಿಂದಿನವರೆಗೆ ಕರಕರ ಎಳೆದುಕೊಂಡು ಹೋಯಿತು. ಒಳಗೆ ಯಾರಾದ್ರೂ ಇದಾರೇನೋ ಎಂದು ಒಬ್ಬ ಕೇಳಿದ. ಹಳೇ ಗಾಡಿ ಬಾ ಮಗಾ ಎಂದು ಇನ್ನೊಬ್ಬ ಕರೆದ. ಬೈಕುಗಳು ಹೊರಟುಹೋದವು.

ಎದ್ದೇಳಬಹುದು ಎಂದುಕೊಂಡೆ. ಅವರು ಕೈ ಬಿಡಲಿಲ್ಲ. ಆಗ ಬಾಗಿಲನ್ನು ಯಾರೋ ಬಡಿದರು.

ಅದು ರಾಡಿನ ಸದ್ದಲ್ಲ, ಗಂಡಸಿನ ಗುದ್ದೂ ಅಲ್ಲ. ಅಂಗೈಯಿಂದ ಮೆಲ್ಲಗೆ, ಬಾಗಿಲ ಕೆಳಭಾಗದಲ್ಲಿ ಬಡಿಯುತ್ತಿದ್ದರು. ಬಡಿದು ನಿಲ್ಲಿಸುವುದು, ಮತ್ತೆ ಬಡಿಯುವುದು. ನಾನು ಗಿರಿಜಕ್ಕನ ಮುಖ ನೋಡಿದೆ. ತೆಗೆಯೋಣ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಇನ್ನೊಂದು ಅಂಗೈ ನನ್ನ ಬಾಯಿ ಮುಚ್ಚಿತು. ಆ ಕೈಗೆ ವಿಭೂತಿಯ ವಾಸನೆಯಿತ್ತು. ಬಡಿತ ಬಹಳ ಹೊತ್ತು ಇತ್ತು. ಕೊನೆಕೊನೆಗೆ ಅದು ಬಡಿತವಾಗಿ ಉಳಿಯದೆ ಸವರಿದ ಹಾಗೆ ಕೇಳಿ, ನಿಂತಿತು.

ಪೊಲೀಸು ಜೀಪು ಬಂದು ಮೈಕಿನಲ್ಲಿ ಕೂಗಿದ ಮೇಲೆಯೇ ಅವರು ಬಾಗಿಲು ತೆರೆದದ್ದು. ಹೊರಗೆ ಯಾರೂ ಇರಲಿಲ್ಲ. ಬಾಗಿಲ ಕೆಳಗಡೆ, ನೆಲದ ಮೇಲೆ ಕೂತವರ ಕೈ ಎಟುಕುವ ಎತ್ತರದಲ್ಲಿ, ದೂಳಿನಲ್ಲಿ ಬೆರಳುಗಳು ಜಾರಿದ ಗುರುತಿತ್ತು.

"ಯಾರಿರಬಹುದು ಗಿರಿಜಕ್ಕ?"

ಅವರು ಆ ಗುರುತಿನ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು. "ಹೆಸರು ಹೇಳಿದಳಲ್ಲ. ಕೇಳಿಸಲಿಲ್ವಾ ನಿನಗೆ?"

ನನಗೆ ಬಡಿದದ್ದು ಬಿಟ್ಟರೆ ಏನೂ ಕೇಳಿಸಿರಲಿಲ್ಲ. ಏನು ಹೆಸರು ಎಂದು ಕೇಳಿದೆ.

"ನಂದೇ," ಎಂದರು.

ನಾನು ಮರುದಿನ ಬೀದಿಯ ಪ್ರತಿ ಮನೆಯಲ್ಲೂ ವಿಚಾರಿಸಿದೆ. ಯಾರೂ ಹೊರಗೆ ಸಿಕ್ಕಿಕೊಂಡಿರಲಿಲ್ಲ, ಯಾರೂ ಯಾರನ್ನೂ ನೋಡಿರಲಿಲ್ಲ. ಹತ್ತಿರದ ನರ್ಸಿಂಗ್ ಹೋಮುಗಳಲ್ಲೂ ಕೇಳಿದೆ. ನಮ್ಮ ಬೀದಿಯಿಂದ ಗಾಯಗೊಂಡವರು ಯಾರೂ ಬಂದಿರಲಿಲ್ಲ. ಊರು ಎರಡು ದಿನದಲ್ಲಿ ಮೊದಲಿನ ಹಾಗಾಯಿತು. ಅಂಗಡಿಗಳು ತೆರೆದವು, ಸ್ಕೂಲು ಶುರುವಾಯಿತು. ಗಿರಿಜಕ್ಕ ಊಟ ಬಿಟ್ಟರು. ಇಡೀ ದಿನ ವ್ಯಾನಿನ ಮೆಟ್ಟಿಲ ಮೇಲೆ ಕೂತು ಗೇಟಿನ ಕಡೆ ನೋಡುತ್ತಿದ್ದರು.

ಏನೂ ನಡೆಯದ ಒಂದು ಬುಧವಾರ ಬೆಳಿಗ್ಗೆ ಬಂದು ಅಪ್ಪನ ಕೈಗೆ ಮನೆಯ ಕೀಲಿ ಕೊಟ್ಟರು. ಬಾಡಿಗೆಗೆ ಕೊಡಿ, ಖಾಲಿ ಬಿಡಬೇಡಿ ಎಂದರು. ಎಲ್ಲಿಗೆ ಎಂದು ಅಪ್ಪ ಕೇಳಿದ್ದಕ್ಕೆ, ಜನ ಕಡಿಮೆ ಇರೋ ಕಡೆಗೆ ಎಂದರು. ಮೊದಲು ಮಲ್ಲತ್ತಹಳ್ಳಿ ಕೆರೆಯ ಪಕ್ಕ ನಿಂತಿದ್ದರಂತೆ. ಅಲ್ಲಿ ವಾಕಿಂಗಿನವರು ಗೊಣಗಿದರು. ಶ್ರೀಗಂಧದ ಕಾವಲಿನ ಖಾಲಿ ಸೈಟೊಂದರಲ್ಲಿ ಕೆಲವು ದಿನ ಕಳೆದರು. ಸೋಮವಾರಗಳಂದು ನನಗೆ ಫೋನ್ ಮಾಡುತ್ತಿದ್ದರು. ಮಾತು ಕಡಿಮೆ. ಒಮ್ಮೊಮ್ಮೆ ನಾನು ಹಲೋ ಎಂದಾಗ ಅತ್ತಲಿಂದ, "ಒಂದು ನಿಮಿಷ, ಅವಳು ಏನೋ ಹೇಳ್ತಾ ಇದಾಳೆ," ಎಂದು ಫೋನು ಇಟ್ಟುಬಿಡುತ್ತಿದ್ದರು.

ಕೊನೆಯ ಸಲ ನಾನು ಅವರನ್ನು ನೋಡಿದ್ದು ಕೆಂಗೇರಿಯ ಆಚೆ. ಮೆಟ್ರೋ ಇಳಿದು ಆಟೋ ಹಿಡಿದು ಹೋದೆ. ಮುಚ್ಚಿಹೋದ ನರ್ಸರಿಯೊಂದರ ಬೇಲಿಯ ಪಕ್ಕ ವ್ಯಾನು ನಿಂತಿತ್ತು. ಗಿರಿಜಕ್ಕ ಸಣ್ಣಗಾಗಿದ್ದರು, ಆದರೆ ಮುಖದಲ್ಲಿ ಹಿಂದೆಂದೂ ಕಾಣದ ಒಂದು ನೆಮ್ಮದಿಯಿತ್ತು. ಬಾಗಿಲ ಚಿಲಕಗಳನ್ನೆಲ್ಲ ಬಿಚ್ಚಿ ಹಾಕಿದ್ದರು. ತಗಡಿನಲ್ಲಿ ಬರೀ ಸ್ಕ್ರೂ ತೂತುಗಳಿದ್ದವು.

ಇಲ್ಲಿ ಒಬ್ಬರೇ ಇರೋದಕ್ಕೆ ಭಯ ಆಗಲ್ವಾ ಎಂದು ಕೇಳಿದೆ.

"ಒಬ್ಬಳೇ ಇದ್ದಿದ್ರೆ ಆಗ್ತಿತ್ತೇನೋ," ಎಂದರು.

ನಮ್ಮ ಮನೆಗೆ ಬನ್ನಿ, ಅಪ್ಪನೂ ಕರೆದಿದ್ದಾರೆ ಎಂದೆ. ನನ್ನ ಕೆನ್ನೆ ಸವರಿದರು. ಕತ್ತಲಾಗುವ ಮುಂಚೆ ಹೊರಡು ಎಂದು ಆಟೋ ಸಿಗುವ ತನಕ ರಸ್ತೆಯಲ್ಲಿ ನನ್ನ ಜೊತೆ ನಿಂತರು.

ಅದಾದ ಮೇಲೆ ಒಂದು ಸೋಮವಾರ ಫೋನು ಬರಲಿಲ್ಲ. ಮಂಗಳವಾರ ಅಲ್ಲಿನ ಟೀ ಅಂಗಡಿಯವನು ನನಗೆ ಫೋನ್ ಮಾಡಿದ. ಗಿರಿಜಕ್ಕ ನನ್ನ ನಂಬರು ಅವನಿಗೆ ಕೊಟ್ಟಿದ್ದರಂತೆ. ವ್ಯಾನಿನ ಬಾಗಿಲು ಹಿಂದಿನ ದಿನದಿಂದ ಪೂರ್ತಿ ತೆರೆದೇ ಇದೆ, ಅಮ್ಮ ಕಾಣುತ್ತಿಲ್ಲ ಎಂದ. ನಾನು ಹೋದೆ, ಪೊಲೀಸರೂ ಬಂದರು. ಯಾವುದೂ ಕಳುವಾಗಿರಲಿಲ್ಲ. ಟ್ಯಾಂಕಿನಲ್ಲಿ ನೀರಿತ್ತು, ಮಂಚದ ಕೆಳಗೆ ಅಕ್ಕಿಯಿತ್ತು, ಹಾಸಿಗೆ ಮಡಿಚಿಟ್ಟಿತ್ತು. ಪೂಜೆಯ ಗೂಡು ಮಾತ್ರ ಖಾಲಿ. ದಾವಣಗೆರೆಯಿಂದ ಅವರ ತಂಗಿಯ ಮಗ ಬಂದು ವಾರಗಟ್ಟಲೆ ಹುಡುಕಿಸಿದ. ಇವತ್ತಿನವರೆಗೂ ಸುಳಿವಿಲ್ಲ.

ಅವತ್ತು ಪೊಲೀಸರು ಸುತ್ತಮುತ್ತ ನೋಡಲು ಹೋದಾಗ ನಾನು ಸ್ವಲ್ಪ ಹೊತ್ತು ವ್ಯಾನಿನೊಳಗೆ ನಿಂತಿದ್ದೆ. ಒಲೆಯ ಪಕ್ಕದ ಹಲಗೆಯ ಮೇಲೆ ಎರಡು ಕಾಫಿ ಲೋಟಗಳಿದ್ದವು. ಒಂದನ್ನು ಕುಡಿದು ಮುಗಿಸಿ ಬೋರಲಾಗಿಟ್ಟಿದ್ದರು. ಇನ್ನೊಂದು ತುಂಬಿದ ಹಾಗೇ ತಣ್ಣಗಾಗಿ, ಮೇಲೆ ಕೆನೆ ಕಟ್ಟಿಕೊಂಡು, ಬಾಗಿಲ ಕಡೆಯ ಅಂಚಿನಲ್ಲಿ ನಿಂತಿತ್ತು.