ಹವಳಗಾಕ್ಕೆ ಹೋಗದ ಬಾಗಿಲು

ಆಗ ನಾನು ಬಹಳ ಚಿಕ್ಕವಳು. ಅಕ್ಕನ ಲಂಗದ ಅಂಚು ಹಿಡಿಯದೆ ರಸ್ತೆ ದಾಟುತ್ತಿರಲಿಲ್ಲ. ಅಫಜಲಪುರದ ದಾರಿಯಲ್ಲಿ, ನಮ್ಮ ಮನೆಯ ಎದುರಿಗೇ, ಕಲ್ಲಿನ ಮುಸಾಫಿರಖಾನೆಯಿತ್ತು. ಮಣ್ಣೂರಿನಿಂದ ಆಳಂದಕ್ಕೆ ಬಂಡಿ ಹೊಡೆಯುವವರು ಅಲ್ಲಿ ಎತ್ತು ಬಿಚ್ಚಿ, ರೊಟ್ಟಿ ತಿಂದು, ಮಲಗಿ ಹೋಗುತ್ತಿದ್ದರು. ಅದರ ಕಮಾನಿಗೆ ಕದವೇ ಇರಲಿಲ್ಲ. ಬಂದವರನ್ನು ಯಾರೆಂದು ಕೇಳಬಾರದೆಂಬುದು ಅಲ್ಲಿನ ಪದ್ಧತಿಯಾಗಿತ್ತು.

ಅದರ ಒಡೆಯರು ಮಾಮಾ, ಅಂದರೆ ಅವ್ವನ ತಮ್ಮ. ಅಪ್ಪ ಬಡಿಗತನ ಮಾಡುತ್ತಿದ್ದರು. ಒಮ್ಮೆ ಮಾಮಾ ಬಂದು, “ಭಾವ, ಹವಳಗಾದಾಗ ಮನಿ ಕಟ್ಟಾಕತ್ತೇನ್ರಿ. ನಿಮ್ಮ ಕೈಲೆ ಒಂದು ದೊಡ್ಡ ಬಾಗಲಾ ಆಗಬೇಕ್ರಿ,” ಎಂದರು. ಬೇಸಗೆಯುದ್ದಕ್ಕೂ ನಮ್ಮ ಅಂಗಳದಲ್ಲಿ ಸಾಗವಾನಿಯ ಹೊಟ್ಟಿನ ವಾಸನೆ. ಅಪ್ಪ ಬಾಗಿಲಿನ ತುಂಬ ಹೂಬಳ್ಳಿ ಕೆತ್ತಿದರು. ಅಕ್ಕ ಮತ್ತು ನಾನು ಎಣ್ಣೆ ತಿಕ್ಕಿದೆವು.

ಬಾಗಿಲು ಬಂಡಿಯೇರಿ ಹೋದ ಮರುದಿನ ನಾವೆಲ್ಲ ಘತ್ತರಗಿಯ ಗುಡಿಗೆ ಹೋಗಿದ್ದೆವು. ಸಂಜೆ ಮರಳಿದಾಗ ಮುಸಾಫಿರಖಾನೆಯ ಮುಂದೆ ಬಂಡಿಗಳು ಸಾಲಾಗಿ ನಿಂತಿದ್ದವು. ನೊಗ ಇಳಿಸದ ಎತ್ತುಗಳು ಬಾಯಾರಿ ಜೊಲ್ಲು ಸುರಿಸುತ್ತಿದ್ದವು. ಕಮಾನಿನಲ್ಲಿ ನಮ್ಮ ಬಾಗಿಲು, ಮುಚ್ಚಿಕೊಂಡು ನಿಂತಿತ್ತು.

ಬಂಡಿಕಾರರಲ್ಲಿ ಎಲ್ಲರಿಗಿಂತ ಹಿರಿಯರಾದ ಒಬ್ಬರನ್ನು ನಾವು ಚಾಚಾ ಎನ್ನುತ್ತಿದ್ದೆವು. ನನಗೆ ಪ್ರತಿ ಸಲ ಬೆಲ್ಲದ ಹರಳು ಕೊಡುತ್ತಿದ್ದ ಅವರು ಅಂದು ಅಪ್ಪನನ್ನೇ ನೋಡಿದರು.

“ಏನ್ರಿ ಬಡಿಗೇರ, ನಮ್ಮನ್ನ ಹೊರಗ ಹಾಕಾಕ ಇಷ್ಟು ಛಂದ ಹೂವ ಕೆತ್ತೀರಿ?”

ಅಷ್ಟರಲ್ಲಿ ಬಾಗಿಲು ಸರಿಸಿ ಮಾಮಾ ಹೊರಬಂದರು. “ಇನ್ನ ಮ್ಯಾಲೆ ಇದು ಹೋಟೆಲ್ ರಿ ಭಾವ. ಎತ್ತು ಒಳಗ ಬಿಟ್ರ ಗಿರಾಕಿ ಬರ್ತಾರೇನ್ರಿ?”

“ಹವಳಗಾದ ಮನಿ ಎಲ್ಲೈತಿ?” ಎಂದು ಅಪ್ಪ ಕೇಳಿದರು.

“ಖರೇ ಹೇಳಿದ್ರ ನೀವು ಮಾಡಿಕೊಡ್ತಿದ್ರೇನ್ರಿ?”

“ಇಲ್ಲ.”

“ಅದಕ್ಕ ಹೇಳಲಿಲ್ರಿ,” ಎಂದು ಮಾಮಾ ನಕ್ಕರು.

ಅಪ್ಪ ಬಂಡಿಕಾರರನ್ನು ನಮ್ಮ ಅಂಗಳಕ್ಕೆ ಕರೆದರು. ಅವ್ವ ರೊಟ್ಟಿ ಬಡಿಯತೊಡಗಿದರು. ಕೆಲವರು ಬಂದು ಬೇವಿನ ಮರಕ್ಕೆ ಎತ್ತು ಕಟ್ಟಿದರು. “ನನಗೂ ಸುಳ್ಳ ಹೇಳ್ಯಾರ್ರಿ ಚಾಚಾ,” ಎಂದು ಅಪ್ಪ ಹೇಳಿದರೂ ಚಾಚಾ ನಂಬಲಿಲ್ಲ. ದಣಿದ ಎತ್ತುಗಳನ್ನೇ ಹೊಡೆದುಕೊಂಡು ಹೊರಟುಹೋದರು. ಅವರ ಬಂಡಿ ಮತ್ತೆ ನಮ್ಮ ದಾರಿಗೆ ಬರಲಿಲ್ಲ.

ಮಕ್ಕಳೇ, ನಿಮ್ಮ ಕಾಲದ ಹೋಟೆಲುಗಳಲ್ಲಿ ಮೊದಲು ಗುರುತಿನ ಚೀಟಿ ತೋರಿಸಬೇಕು. ಅದರಲ್ಲಿ ನಿಮಗೇನೂ ವಿಚಿತ್ರವೆನಿಸುವುದಿಲ್ಲ. ಆ ಹೋಟೆಲು ಈಗ ಮೂರು ಅಂತಸ್ತಿನದು. ಬಾಗಿಲಿಗೆ ಮೆರುಗೆಣ್ಣೆ ಬಳಿದು, ‘ಮುಸಾಫಿರಖಾನೆಯ ಪುರಾತನ ಬಾಗಿಲು’ ಎಂದು ಫಲಕ ಹಾಕಿದ್ದಾರೆ. ಮೊನ್ನೆ ನೀವು ಅದರ ಮುಂದೆ ನಿಂತು ತೆಗೆಸಿಕೊಂಡ ಫೋಟೋ ಚೆನ್ನಾಗಿ ಬಂದಿದೆ. ಆದರೆ ಫಲಕದಲ್ಲಿ ಬರೆದದ್ದು ನಿಜವಲ್ಲ. ಅದು ನನ್ನ ಅಪ್ಪನಿಗೆ ಸುಳ್ಳು ಹೇಳಿ ಮಾಡಿಸಿಕೊಂಡ ಬಾಗಿಲು.