ಡಾಗ್ನಿ ಚಿಕ್ಕಮ್ಮನ ಕಾರಿನ ಬಿಸಿಗಾಳಿ

ನಮ್ಮೂರಿನಲ್ಲಿ ಹುಟ್ಟಿದ ಮಕ್ಕಳೆಲ್ಲ ಚರ್ಚಿಗೆ ದೀಕ್ಷಾಸ್ನಾನಕ್ಕೆ ಹೋದದ್ದು ಒಂದೇ ಕಾರಿನಲ್ಲಿ. ನಾನೂ ಹಾಗೇ ಹೋದವಳು, ಅಮ್ಮನ ತೊಡೆಯ ಮೇಲೆ. ಕಡು ಹಸಿರು ಬಣ್ಣದ, ದುಂಡು ಬೆನ್ನಿನ ಆ ಕಾರು ಡಾಗ್ನಿ ಚಿಕ್ಕಮ್ಮನದು. ಸ್ವೀಡನ್ನಿನ ಈ ಉತ್ತರದ ಕಡೆ ಹಳೆಯ ಕಾರು ಇಟ್ಟುಕೊಂಡವರು ಮೊದಲ ಹಿಮ ಬೀಳುತ್ತಲೇ ಅದಕ್ಕೆ ಟಾರ್ಪಾಲು ಹೊದಿಸಿ ಮಲಗಿಸಿಬಿಡುತ್ತಾರೆ. ಡಾಗ್ನಿಯ ಕಾರಿಗೆ ಮಾತ್ರ ಚಳಿಗಾಲದ ರಜೆ ಇಲ್ಲ. ಕಾಡಿನಲ್ಲಿ ಚದುರಿದ ಮನೆಗಳಿಗೆ ಹೋಗಿ ಮುದುಕರಿಗೆ ಸ್ನಾನ ಮಾಡಿಸಿ, ಗಂಜಿ ಕಾಯಿಸಿ ಕೊಟ್ಟು ಬರುವ ಕೆಲಸ ಅವಳದಾಗಿತ್ತು. ದಾರಿಯಲ್ಲಿ ಕಾರು ಕೆಟ್ಟರೆ ಕೂಗಿ ಕರೆಯಲು ಅಲ್ಲಿ ಯಾರಿದ್ದಾರೆ? ಹಾಗಾಗಿ ರಿಪೇರಿ ತಾನೇ ಕಲಿತಳು. ಈಗ ಬೆನ್ನು ಬಾಗಿದೆ, ಮಂಡಿ ಮಾತು ಕೇಳುವುದಿಲ್ಲ. ಕೈ ಮಾತ್ರ ಇನ್ನೂ ಅವಳ ಮಾತು ಕೇಳುತ್ತದೆ.

ಶಾಲೆ ಮುಚ್ಚಿ, ತೊಟ್ಟಿಲುಗಳೆಲ್ಲ ಅಟ್ಟ ಸೇರಿ ಎಷ್ಟೋ ಕಾಲವಾದ ಮೇಲೆ ಊರಲ್ಲಿ ಹುಟ್ಟಿದ ಮಗು ನನ್ನ ಟೂವಾ. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಡಾಗ್ನಿ ಬಾಗಿಲಲ್ಲಿ ನಿಂತಿದ್ದಳು. ಮಗುವಿನ ಮುಖ ನೋಡುವ ಮೊದಲೇ ಕೇಳಿದಳು:

“ದೀಕ್ಷಾಸ್ನಾನ ಯಾವತ್ತು ಇಟ್ಕೊಂಡಿದ್ದೀಯೆ ಹುಡುಗಿ? ಕಾರು ತೊಳೀಬೇಕು.”

“ಅಡ್ವೆಂಟಿನ ಮೊದಲ ಭಾನುವಾರ, ಚಿಕ್ಕಮ್ಮ.”

“ಒಳ್ಳೇದು. ಇನ್ನೊಂದು ಮಗು ಬರೋವರೆಗೂ ನಾನಂತೂ ಇರಲ್ಲ. ಇದನ್ನ ಕರ್ಕೊಂಡು ಹೋಗೋದು ನಾನೇ.”

ಅಡ್ವೆಂಟ್ ಅಂದರೆ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರ. ಅದು ಶುರುವಾಗುವ ಮೊದಲು, ನವೆಂಬರಿನಲ್ಲಿ, ಮಗುವಿನ ಸೀಟು ಕಟ್ಟಲು ಹಿಂದಿನ ಬೆಲ್ಟು ಗಟ್ಟಿ ಇದೆಯೇ ಎಂದು ನೋಡಲು ಒಬ್ಬಳೇ ಅವಳ ಕಾರಿನಲ್ಲಿ ಕೂತು ಒಂದು ಸುತ್ತು ಹೋಗಿ ಬಂದೆ. ಬೆಲ್ಟು ಗಟ್ಟಿಯಾಗಿಯೇ ಇತ್ತು. ಆದರೆ ಹೀಟರ್ ಹಾಕಿದ ಕೂಡಲೇ ಬೆಲ್ಲದ ಪಾಕ ಕಾಯಿಸಿದಂಥ ಸಿಹಿ ವಾಸನೆ ಬಂತು. ಮುಂದಿನ ಗಾಜಿಗೆ ಒಳಗಿನಿಂದ ಮಂಜು ಕವಿಯಿತು. ಒರೆಸಿದರೆ ಜಿಡ್ಡು. ನನ್ನ ಕಾಲ ಕೆಳಗಿನ ಚಾಪೆ ಒದ್ದೆ. ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ. ಹಿಮ ಕರಗಿದ ನೀರು ಹಾಗೆ ಜಾರುವುದಿಲ್ಲ; ಇದು ಎಂಜಿನ್ನಿನ ನೀರು ಹೆಪ್ಪುಗಟ್ಟದಂತೆ ಬೆರೆಸುವ ಸಿಹಿ ವಿಷ.

“ಚಿಕ್ಕಮ್ಮ, ನಿನ್ನ ಹೀಟರ್ ಸೋರ್ತಿದೆ.”

“ವಾಸನೆ ಇಲ್ಲದ ಹಳೇ ಕಾರು ಎಲ್ಲಿದ್ಯೇ?”

“ವಾಸನೆ ಇರಲಿ, ಇದು ವಿಷದ ಆವಿ. ಇದರೊಳಗೆ ಟೂವಾನ ಕೂರಿಸಲ್ಲ. ನಮ್ಮ ಕಾರಲ್ಲೇ ಹೋಗ್ತೀವಿ.”

ಅವಳು ಚಾಪೆ ಎತ್ತಿ ನೋಡಿದಳು. ತುಂಬ ಹೊತ್ತು ಬಗ್ಗಿಯೇ ಇದ್ದಳು. ಎದ್ದಾಗ ಮುಖ ಬಾಡಿತ್ತು, ದನಿ ಮಾತ್ರ ಎಂದಿನದೇ.

“ನೀನು ಹೇಳೋದು ಸರಿ. ಕೂರಿಸಬೇಡ. ಸರಿಮಾಡಿ ತೋರಿಸಿದರೆ?”

“ಗಾಜಿನಲ್ಲಿ ಜಿಡ್ಡಿರಬಾರದು, ಗಾಳಿ ಬಿಸಿ ಇರಬೇಕು. ಆಗ ಬರ್ತೀವಿ.”

ನಾವು ಆಡಿದ್ದನ್ನು ಅವಳ ಗಂಡ ಹಿಲ್ಡಿಂಗ್ ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡಿದ್ದ. ಹರೆಯದಲ್ಲಿ ಕೂದಲಿಗೆ ಎಣ್ಣೆ ಮೆತ್ತಿಕೊಂಡು, ದೊಡ್ಡ ಕಾರಿನಲ್ಲಿ ಪೇಟೆ ಬೀದಿ ಸುತ್ತಿದ ಆಸಾಮಿ. ಮರುದಿನ ನನ್ನನ್ನು ಕರೆದ. “ಬಾ, ನೋಡು ಬಾ. ಒಂದು ಹನಿ ಸೋರಲ್ಲ ಈಗ!” ನಿಜವಾಗಿಯೂ ಚಾಪೆ ಒಣಗಿತ್ತು. ಡಾಗ್ನಿ ಹೀಟರ್ ತಿರುಗಿಸಿದಳು. ಹೆಪ್ಪುಗಟ್ಟಿದ ಕೆರೆಯ ಮೇಲಿಂದ ಬೀಸುವಂಥ ಗಾಳಿ ಬಂತು. ಅವಳು ಮೆಲ್ಲನೆ ಗಂಡನ ಕಡೆ ತಿರುಗಿದಳು.

“ಹಿಲ್ಡಿಂಗ್, ನನ್ನ ಸಾಸಿವೆ ಪುಡಿ ಡಬ್ಬಿ ಎಲ್ಲಿ?”

“ಯಾವ ಡಬ್ಬಿ?”

“ಕ್ರಿಸ್‌ಮಸ್ಸಿಗೆ ಹಂದಿ ತೊಡೆಗೆ ಸವರೋಕೆ ಇಟ್ಟಿದ್ದು.”

ಅವನು ಟೋಪಿ ಸರಿಮಾಡಿಕೊಂಡ. “ನಮ್ಮ ಕಾಲದಲ್ಲಿ ರೇಡಿಯೇಟರ್ ಸೋರಿದ್ರೆ ಎಲ್ರೂ ಅದನ್ನೇ ಹಾಕ್ತಿದ್ರು. ತೂತು ಮುಚ್ಚಿತೋ ಇಲ್ವೋ?”

“ಮುಚ್ಚಿತು. ತೂತೂ ಮುಚ್ಚಿತು, ಬಿಸಿನೀರಿನ ದಾರೀನೂ ಮುಚ್ಚಿತು. ಈ ವರ್ಷ ಹಂದಿ ತೊಡೆಗೆ ನಿನ್ನ ತಲೆ ಎಣ್ಣೇನೇ ಸವರ್ತೀನಿ.”

ಬೇರೆ ಹೀಟರ್ ತರಿಸಿದರೆ ಅದು ಬರುವುದು ಹಬ್ಬ ಮುಗಿದ ಮೇಲೆ. ಬೇರೆ ದಾರಿ ಇರಲಿಲ್ಲ, ಇದನ್ನೇ ಬಿಚ್ಚಬೇಕಿತ್ತು. ಹೀಟರ್ ಕೋರ್ ಎನ್ನುವುದು ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿನೀರು ಅದರ ಸಣ್ಣ ಕೊಳವೆಗಳಲ್ಲಿ ಹರಿಯುತ್ತದೆ, ಫ್ಯಾನು ಅದರ ಮೇಲಿಂದ ಗಾಳಿ ದೂಡುತ್ತದೆ. ಕಾರು ಕಟ್ಟುವಾಗ ಮೊದಲು ಅದನ್ನಿಟ್ಟು, ಆಮೇಲೆ ಉಳಿದದ್ದನ್ನೆಲ್ಲ ಅದರ ಸುತ್ತ ಜೋಡಿಸಿದ್ದರೋ ಏನೋ, ಅಷ್ಟು ಒಳಗಿತ್ತು.

ನಾನು ಟೂವಾಳನ್ನು ಕುರಿ ಚರ್ಮದಲ್ಲಿ ಸುತ್ತಿ, ಮಗುವಿನ ತಳ್ಳುಗಾಡಿಯಲ್ಲಿ ಡಾಗ್ನಿಯ ಶೆಡ್ಡಿನ ಹೊರಗೆ ಮಲಗಿಸಿ, ಬಾಗಿಲ ಪಕ್ಕ ಕೂರುತ್ತಿದ್ದೆ. ಈ ಕಡೆ ಕೂಸುಗಳನ್ನು ಬೆಚ್ಚಗೆ ಸುತ್ತಿ ಹಗಲು ಹೊರಗೆ ಮಲಗಿಸುವುದೇ ವಾಡಿಕೆ; ಆ ಚಳಿಯಲ್ಲಿ ಅವಳಿಗೆ ಒಳ್ಳೆಯ ನಿದ್ದೆ. ಡಾಗ್ನಿ ಹಳೆಯ ನೀರನ್ನು ಪಾತ್ರೆಗೆ ಇಳಿಸಿ, ಬೆಕ್ಕು ನೆಕ್ಕದ ಹಾಗೆ ಮುಚ್ಚಿ ಮೇಲಿಟ್ಟಳು. ಆಮೇಲೆ ಡ್ಯಾಶ್‌ಬೋರ್ಡು. ಬಿಚ್ಚಿದ ಸ್ಕ್ರೂಗಳನ್ನು ದಾಲ್ಚಿನ್ನಿ ಬನ್ನು ಬೇಯಿಸುವ ಕಾಗದದ ಬಟ್ಟಲುಗಳಲ್ಲಿ, ಬಿಚ್ಚಿದ ಸಾಲಿನಲ್ಲೇ, ಬೇಕಿಂಗ್ ತಟ್ಟೆಯ ಮೇಲೆ ಇಡುತ್ತ ಹೋದಳು. ಕಾಣದ ಕಡೆ ಕೈ ತೂರಿಸಿದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ನಾನು ಕತ್ತಲಲ್ಲಿ ಮಗುವಿನ ಬಟ್ಟೆಯ ಗುಂಡಿ ಹುಡುಕುವುದೂ ಹೀಗೆಯೇ.

ಹೀಟರಿನ ಪೆಟ್ಟಿಗೆ ಕೊನೆಗೂ ಹೊರಬಂತು. “ಇಷ್ಟು ಒಳಗೆ ನಾನೂ ಯಾವತ್ತೂ ಬಂದಿರಲಿಲ್ಲ,” ಎಂದು ಮುಚ್ಚಳ ತೆಗೆದಳು. ಗಾಜಿನ ಬುಡದ ಸಂದುಗಳಿಂದ ಕಾರು ಉಸಿರೆಳೆದುಕೊಂಡದ್ದೆಲ್ಲ ಅಲ್ಲಿ ಪದರ ಪದರವಾಗಿ ಕೂತಿತ್ತು. ಮೇಲೆ ಈ ವರ್ಷದ ಬರ್ಚ್ ಎಲೆ, ಹಳದಿ ಬಣ್ಣ ಇನ್ನೂ ಹೋಗಿರಲಿಲ್ಲ. ಅದರ ಕೆಳಗೆ ಸ್ಪ್ರೂಸ್ ಮರದ ಸೂಜಿಗಳು, ಒಂದು ಏರೋಪ್ಲೇನ್ ಚಿಟ್ಟೆಯ ರೆಕ್ಕೆ, ಹುಡಿಯಾಗಿ ಹೋದ ಎಷ್ಟೋ ಶರತ್ಕಾಲಗಳು. ತೀರ ತಳದಲ್ಲಿ, ಕಂದಿ ಗಟ್ಟಿಯಾದ ಅಕ್ಕಿಕಾಳು.

ಅಕ್ಕಿ! ಚರ್ಚಿನ ಮೆಟ್ಟಿಲಲ್ಲಿ ಮದುಮಕ್ಕಳ ಮೇಲೆ ಎಸೆಯುವ ಅಕ್ಕಿ. ಡಾಗ್ನಿ, ಹಿಲ್ಡಿಂಗ್ ಮದುವೆ ಮುಗಿಸಿ ಚರ್ಚಿನಿಂದ ಹೊರಟದ್ದೂ ಇದೇ ಕಾರಿನಲ್ಲಿ. ನನ್ನನ್ನು, ಊರಿನ ಅಷ್ಟೂ ಮಕ್ಕಳನ್ನು ಬೆಚ್ಚಗಿಟ್ಟ ಗಾಳಿ ಇಷ್ಟು ಕಾಲವೂ ಇವರ ಮದುವೆಯ ಅಕ್ಕಿಯ ಮೇಲಿಂದ ಹಾದು ಬಂದಿತ್ತು.

ಹಿಲ್ಡಿಂಗ್ ಒಂದು ಕಾಳನ್ನು ಅಂಗೈಗೆ ಹಾಕಿಕೊಂಡ. “ನಿನ್ನಣ್ಣ ಎಸೆದದ್ದು. ನನ್ನ ಕಣ್ಣಿಗೇ ಹೊಡೆದಿದ್ದ.”

“ಅವನ ಗುರಿ ಚೆನ್ನಾಗಿತ್ತು,” ಎಂದಳು ಡಾಗ್ನಿ. ಆದರೆ ಗುಡಿಸುವ ಮೊದಲು ಒಂದು ಗಳಿಗೆ ಕೈಕಟ್ಟಿ ನಿಂತಳು.

ಆಮೇಲೆ ಕೋರಿಗೆ ಹಿಮ್ಮುಖವಾಗಿ ಬಿಸಿನೀರು ಬಿಟ್ಟಳು. ಹಳದಿ ಗಸಿ ಉಂಡೆ ಉಂಡೆಯಾಗಿ ಇಳಿಯಿತು. ರೇಡಿಯೇಟರಿಗೂ ಅದೇ ಉಪಚಾರ. ಕೋರಿನ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪು ಸಿಕ್ಕಿಸಿ, ಬಟ್ಟೆ ಒಗೆಯುವ ತೊಟ್ಟಿಯಲ್ಲಿ ಮುಳುಗಿಸಿದಳು. ಅಂಚಿನ ಬೆಸುಗೆಯಿಂದ ಗುಳ್ಳೆಗಳ ಸಾಲು ಎದ್ದಿತು.

“ಇಲ್ಲಿದ್ದೀಯಾ, ಕಳ್ಳಿ,” ಎಂದಳು, ಹಲ್ಲು ಬರುತ್ತಿರುವ ಮಗುವಿನ ಒಸಡು ಮುಟ್ಟಿದವಳ ಹಾಗೆ.

ಸೋರುತ್ತಿದ್ದ ಕಡೆಯ ಹಿತ್ತಾಳೆಯನ್ನು ಹೊಳೆಯುವವರೆಗೆ ಉಜ್ಜಿ ಬೆಸುಗೆ ಹಾಕಿದಳು. ಕರಗಿದ ಲೋಹ ಬೆಳ್ಳಿಯ ಹನಿಯಾಗಿ ಸಂದಿನುದ್ದಕ್ಕೂ ತಾನೇ ಓಡಿತು. ಮತ್ತೆ ಮುಳುಗಿಸಿದಾಗ ತೊಟ್ಟಿಯ ನೀರು ಅಲುಗಲಿಲ್ಲ.

ಭಾನುವಾರ ಬೆಳಿಗ್ಗೆ ಎಲ್ಲ ಮನೆಗಳ ಕಿಟಕಿಯಲ್ಲೂ ಅಡ್ವೆಂಟಿನ ನಕ್ಷತ್ರದೀಪ ಹೊತ್ತಿತ್ತು, ಹೊರಗೆ ಮೂಗಿನ ಕೂದಲು ಹೆಪ್ಪುಗಟ್ಟುವ ಚಳಿ. ಕಾರು ನಮ್ಮ ಅಂಗಳದಲ್ಲಿ ಬಂದು ನಿಂತಿತು. ಡಾಗ್ನಿ ಇಳಿದು ಬಾಗಿಲು ತೆರೆದು ಹಿಡಿದಳು. “ಪರೀಕ್ಷೆ ಮಾಡು. ದಾಕ್ಷಿಣ್ಯ ಬೇಡ.”

ದಾಕ್ಷಿಣ್ಯ ಮಾಡಲಿಲ್ಲ. ಚಾಪೆ ಎತ್ತಿದೆ, ಗಾಜು ಒರೆಸಿದೆ, ಬೆರಳು ಮೂಸಿದೆ. ಹಾಲಿನ ಬಿಸಿ ನೋಡುವಂತೆ ಮುಂಗೈಯನ್ನು ಗಾಳಿಗೆ ಹಿಡಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಒಳಗೆ ಹೋಗಿ ಟೂವಾಳನ್ನು ತಂದು ಅವಳ ಕೈಗಿಟ್ಟೆ. ಅವಳು ಮಗುವಿನ ಟೋಪಿಯನ್ನು ಕಿವಿಯ ಮೇಲೆಳೆದು, ತಾನೇ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದಳು.

ಹಿಮ ತುಂಬಿದ ಕಾಡಿನ ನಡುವೆ ಹೋಗುವಾಗ ಗಾಜು ತಿಳಿಯಾಗಿತ್ತು. ಮುಂದೆ ಡಾಗ್ನಿಯ ಪಕ್ಕ ಹಿಲ್ಡಿಂಗ್ ಇದ್ದ. ಹಿಂದಿನ ಸೀಟಿನಲ್ಲಿ ಮಗುವಿನ ಕೆನ್ನೆ ಕೆಂಪೇರಿತು. ನಾನು ಅವಳ ಟೋಪಿ ಸಡಿಲಿಸಿದೆ, ಕೈಗವಸೂ ಬಿಚ್ಚಿದೆ.

“ಸಾಸಿವೆ ವಾಸನೆ ಬರ್ತಿದೆಯೇನೇ?” ಡಾಗ್ನಿ ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ಇಲ್ಲ, ಚಿಕ್ಕಮ್ಮ.”

“ನನಗೆ ಬರ್ತಿದೆ. ಪಕ್ಕದಲ್ಲೇ ಕೂತಿದ್ದಾನಲ್ಲ.”